ಪತ್ರಿಕಾ ಸ್ವಾತಂತ್ರ್ಯ ಮತ್ತು ಸರಕಾರಿ ನಿಯಂತ್ರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಜಿಲ್ಲಾ ಪತ್ರಿಕೆ, ಸುದ್ದಿ ಜಾಲತಾಣ, ಯೂಟ್ಯೂಬ್ ಚಾನೆಲ್ ನಡೆಸುವವರು, ವರದಿಗಾರರು, ಪತ್ರಿಕೋದ್ಯಮ ಓದುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ಉತ್ತರಗಳೆಲ್ಲ ಭಾರತದ ಕಾನೂನಿಗೆ ಸಂಬಂಧಿಸಿದವು. ಬೇರೆ ದೇಶದ ಉದಾಹರಣೆ ಬಂದಿರುವುದು ಒಂದು ಕಡೆ ಮಾತ್ರ. ನಿಮ್ಮ ಮೇಲೆ ಈಗಾಗಲೇ ಕೇಸು ಇದ್ದರೆ ಇದನ್ನು ಓದಿಕೊಂಡು ವಕೀಲರ ಬಳಿ ಹೋಗಿ. ಓದಿದ್ದೇ ಸಾಕು ಎಂದು ಕೂರಬೇಡಿ.

ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯದ ಪ್ರಸ್ತಾಪವೇ ಇಲ್ಲವಂತೆ, ನಿಜವೇ?

ನಿಜ. 19(1)(ಎ) ವಿಧಿ ಎಲ್ಲ ನಾಗರಿಕರಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. ಪತ್ರಿಕೆಗಳಿಗೆಂದು ಬೇರೆ ಸಾಲಿಲ್ಲ. ಈ ಬೇಡಿಕೆ ಸಂವಿಧಾನ ಸಭೆಯಲ್ಲಿ ಬಂದಾಗ, ಸಂಪಾದಕನೂ ಒಬ್ಬ ನಾಗರಿಕನೇ, ಅವನಿಗೆ ಪ್ರತ್ಯೇಕ ಹಕ್ಕು ಬೇಕಿಲ್ಲ ಎಂಬ ನಿಲುವನ್ನು ಅಂಬೇಡ್ಕರ್ ತಳೆದರು. 1950ರಿಂದ ಈಚೆಗೆ ಸುಪ್ರೀಂ ಕೋರ್ಟ್ ಪತ್ರಿಕಾ ಸ್ವಾತಂತ್ರ್ಯವನ್ನು ಇದೇ ವಿಧಿಯೊಳಗೆ ಓದಿಕೊಂಡು ಬಂದಿದೆ.

ಇದರಿಂದ ಒಂದು ಲಾಭವೂ ಇದೆ. ಮಾನ್ಯತಾ ಕಾರ್ಡ್ ಇಲ್ಲದವರು, ಊರಿನ ಗ್ರಾಮ ಪಂಚಾಯಿತಿ ಸಭೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ಹಾಕುವವರು, ದೊಡ್ಡ ಪತ್ರಿಕೆಯ ಸಂಪಾದಕರು ಎಲ್ಲರಿಗೂ ಸಂವಿಧಾನದ ರಕ್ಷಣೆ ಒಂದೇ. "ನೀನು ಪತ್ರಕರ್ತನೇ ಅಲ್ಲ" ಎಂದು ಯಾವ ಅಧಿಕಾರಿ ಹೇಳಿದರೂ 19(1)(ಎ) ಅಡಿಯ ನಿಮ್ಮ ಹಕ್ಕು ಹೋಗುವುದಿಲ್ಲ.

ಹಾಗಾದರೆ ಸರಕಾರ ಯಾವ ಕಾರಣಕ್ಕೆ ತಡೆಯಬಹುದು?

19(2)ರಲ್ಲಿ ಇರುವ ಎಂಟು ಕಾರಣಗಳಿಗೆ ಮಾತ್ರ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ. ನಿರ್ಬಂಧ ಕಾನೂನಿನ ಮೂಲಕವೇ ಬರಬೇಕು, ಸಮಂಜಸವಾಗಿಯೂ ಇರಬೇಕು. ಮಂತ್ರಿಯ ಬಾಯಿಮಾತು, ತಹಶೀಲ್ದಾರರ ಫೋನ್ ಕರೆ, ಠಾಣೆಯಿಂದ ಬರುವ "ಸ್ವಲ್ಪ ನಿಲ್ಲಿಸಿ ಸರ್" ಇವು ಯಾವುವೂ ಕಾನೂನಲ್ಲ.

ಈ ಪಟ್ಟಿ ಮೊದಲು ಚಿಕ್ಕದಿತ್ತು. 1950ರ ಮೇನಲ್ಲಿ ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಮದ್ರಾಸ್ ಸರಕಾರ ಎಡಪಂಥೀಯ ವಾರಪತ್ರಿಕೆ 'ಕ್ರಾಸ್ ರೋಡ್ಸ್' ಮೇಲೆ ಹಾಕಿದ್ದ ನಿಷೇಧ ಬಿದ್ದುಹೋಯಿತು. ದೆಹಲಿ ಆಡಳಿತ ಬಲಪಂಥೀಯ 'ಆರ್ಗನೈಸರ್' ಮೇಲೆ ಹೇರಿದ್ದ ಪೂರ್ವ ಸೆನ್ಸಾರ್ ಕೂಡ ಬಿತ್ತು. ಮರುವರ್ಷವೇ ಮೊದಲನೇ ತಿದ್ದುಪಡಿ ತಂದು ಸಾರ್ವಜನಿಕ ಸುವ್ಯವಸ್ಥೆ, ವಿದೇಶ ಸ್ನೇಹ, ಅಪರಾಧ ಪ್ರಚೋದನೆಗಳನ್ನು ಸೇರಿಸಿದರು. 'ಸಮಂಜಸ' ಎಂಬ ಷರತ್ತು ಬಂದದ್ದೂ ಆಗಲೇ. ಇವತ್ತು ಕೋರ್ಟಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಿರುವುದು ಆ ಷರತ್ತೇ.

'ಸಾರ್ವಜನಿಕ ಹಿತ', 'ಸರಕಾರದ ಘನತೆ', 'ಸುಳ್ಳು' ಇವು ಎಂಟರಲ್ಲಿ ಇಲ್ಲ. ನಿಮಗೆ ಬಂದ ಆದೇಶದಲ್ಲಿ ಇಂಥ ಪದಗಳಷ್ಟೇ ಇದ್ದರೆ ವಕೀಲರಿಗೆ ಮೊದಲು ಅದನ್ನೇ ತೋರಿಸಿ.

ಸುದ್ದಿಯ ತಂಟೆಗೆ ಹೋಗದೆ ಕಾಗದ, ಪುಟ, ಬೆಲೆಗಳ ಬಗ್ಗೆ ಮಾತ್ರ ನಿಯಮ ಮಾಡಿದರೆ ತೊಂದರೆ ಏನು?

ಪತ್ರಿಕೆಯ ಕತ್ತು ಹಿಸುಕಲು ಅದರಲ್ಲಿ ಏನು ಬಂದಿದೆ ಎಂದು ಓದಬೇಕಾಗಿಯೇ ಇಲ್ಲ. 1960ರಲ್ಲಿ ಕೇಂದ್ರ ಒಂದು ಆದೇಶ ಹೊರಡಿಸಿ, ಇಷ್ಟು ಪುಟಕ್ಕೆ ಇಷ್ಟೇ ಬೆಲೆ ಎಂದು ಗೊತ್ತುಪಡಿಸಿತು. ದೊಡ್ಡ ಪತ್ರಿಕೆಗಳ ಪೈಪೋಟಿಯಿಂದ ಚಿಕ್ಕವನ್ನು ಕಾಪಾಡುವುದಕ್ಕೆ ಎಂಬುದು ಸಮರ್ಥನೆ. ಪುಣೆಯ ಮರಾಠಿ ದೈನಿಕ 'ಸಕಾಳ್' ಕೋರ್ಟಿಗೆ ಹೋಯಿತು. ಪತ್ರಿಕೆಯ ಮುಂದೆ ಎರಡೇ ದಾರಿ ಇದ್ದವು: ಬೆಲೆ ಏರಿಸಿ ಓದುಗರನ್ನು ಕಳೆದುಕೊಳ್ಳುವುದು, ಇಲ್ಲವೇ ಪುಟ ಇಳಿಸಿ ಸುದ್ದಿಯನ್ನು ಕಳೆದುಕೊಳ್ಳುವುದು. ಪ್ರಸಾರ ಸಂಖ್ಯೆಯೂ ಅಭಿವ್ಯಕ್ತಿಯ ಭಾಗವೇ ಎಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ಹೊಡೆದುಹಾಕಿತು.

1972-73ರ ನ್ಯೂಸ್‌ಪ್ರಿಂಟ್ ನೀತಿ ಇನ್ನೂ ಚತುರವಾಗಿತ್ತು. ಆಮದು ಕಾಗದದ ಅಭಾವದ ಹೆಸರಿನಲ್ಲಿ ಗರಿಷ್ಠ 10 ಪುಟದ ಮಿತಿ ಹಾಕಲಾಯಿತು. ತನಗೆ ಸಿಕ್ಕ ಕಾಗದವನ್ನೇ ಉಳಿಸಿ ಹೊಸ ಪತ್ರಿಕೆ ಅಥವಾ ಆವೃತ್ತಿ ತೆರೆಯುವುದಕ್ಕೂ ಒಂದೇ ಮಾಲೀಕತ್ವದ ಸಂಸ್ಥೆಗಳಿಗೆ ಅವಕಾಶವಿರಲಿಲ್ಲ. ಬೆನೆಟ್ ಕೋಲ್‌ಮನ್ ಪ್ರಕರಣದಲ್ಲಿ ಕೋರ್ಟ್ ಇದನ್ನೂ ಒಪ್ಪಲಿಲ್ಲ. ಕಾಗದ ಹಂಚುವ ಅಧಿಕಾರ ಇದ್ದ ಮಾತ್ರಕ್ಕೆ ಪುಟ ಎಣಿಸುವ ಅಧಿಕಾರ ಬರುವುದಿಲ್ಲ ಎಂಬುದು ತೀರ್ಪಿನ ತಿರುಳು.

ಕೋಟಾ ಕಾಲ ಮುಗಿದಿದೆ. ಆದರೆ ತೆರಿಗೆ ಇದೆ. 2019ರ ಬಜೆಟ್ ನ್ಯೂಸ್‌ಪ್ರಿಂಟ್ ಮೇಲೆ ಶೇ 10ರಷ್ಟು ಆಮದು ಸುಂಕ ಹಾಕಿ, ಮರುವರ್ಷ ಶೇ 5ಕ್ಕೆ ಇಳಿಸಿತು. ದೊಡ್ಡ ಪತ್ರಿಕೆ ತಿಂಗಳುಗಟ್ಟಲೆ ಕಾಗದ ದಾಸ್ತಾನು ಇಟ್ಟುಕೊಂಡು ಇಂಥದನ್ನು ತಾಳಿಕೊಳ್ಳುತ್ತದೆ. ವಾರಕ್ಕೆ ಬೇಕಾದಷ್ಟು ಮಾತ್ರ ಕೊಳ್ಳುವ ಜಿಲ್ಲಾ ಪತ್ರಿಕೆ ಮೊದಲು ಪುಟ ಇಳಿಸುತ್ತದೆ, ಆಮೇಲೆ ವರದಿಗಾರರನ್ನು.

ತುರ್ತು ಪರಿಸ್ಥಿತಿಯಲ್ಲಿ ಸೆನ್ಸಾರ್ ನಿಜಕ್ಕೂ ಹೇಗೆ ನಡೆಯಿತು?

1975ರ ಜೂನ್ 25ರ ರಾತ್ರಿ ಮೊದಲು ನಿಂತದ್ದು ಕರೆಂಟು. ದೆಹಲಿಯ ಬಹಾದುರ್ ಶಾ ಜಫರ್ ಮಾರ್ಗದಲ್ಲಿ ಸಾಲಾಗಿದ್ದ ಪತ್ರಿಕಾಲಯಗಳ ಮುದ್ರಣ ಯಂತ್ರಗಳು ನಿಂತವು. ಬೆಳಿಗ್ಗೆ ಹೊರಬಂದದ್ದು ಆ ರಸ್ತೆಯಲ್ಲಿಲ್ಲದ ಒಂದೆರಡು ಪತ್ರಿಕೆ ಮಾತ್ರ. ಅದರ ಬೆನ್ನಿಗೇ ಪೂರ್ವ ಸೆನ್ಸಾರ್ ಜಾರಿಯಾಯಿತು. ಜೂನ್ 28ರಂದು 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗ ಖಾಲಿ ಬಿಟ್ಟಿತು. ಹಾಗೆ ಖಾಲಿ ಬಿಡುವುದಕ್ಕೂ ನಿಷೇಧ ಬಂತು.

ಸೆನ್ಸಾರ್ ಎಂದರೆ ಕೆಂಪು ಪೆನ್ಸಿಲ್ ಹಿಡಿದ ಅಧಿಕಾರಿ ಎಂದುಕೊಂಡರೆ ಅರ್ಧವಷ್ಟೇ ತಿಳಿದಂತೆ. ಅಚ್ಚುಮೊಳೆ ಜೋಡಿಸಿದ ಪುಟದ ಕರಡು ಸೆನ್ಸಾರ್ ಕಚೇರಿಗೆ ಹೋಗಿ ತಡವಾಗಿ ವಾಪಸಾದರೆ, ಪತ್ರಿಕೆಯ ಕಟ್ಟು ರೈಲು ತಪ್ಪಿಸಿಕೊಳ್ಳುತ್ತಿತ್ತು. ಒಂದು ಪದ ಕತ್ತರಿಸದೆಯೂ ಪತ್ರಿಕೆ ಸೋಲುತ್ತಿತ್ತು. 1976ರಲ್ಲಿ ಪಿಟಿಐ, ಯುಎನ್‌ಐ, ಹಿಂದೂಸ್ತಾನ್ ಸಮಾಚಾರ್, ಸಮಾಚಾರ್ ಭಾರತಿ ನಾಲ್ಕನ್ನೂ ಸೇರಿಸಿ 'ಸಮಾಚಾರ್' ಎಂಬ ಒಂದೇ ಸುದ್ದಿಸಂಸ್ಥೆ ಮಾಡಿದರು. ಅಲ್ಲಿಂದ ಮುಂದೆ ಚಿಕ್ಕ ಪತ್ರಿಕೆಗೆ ದೆಹಲಿ ಸುದ್ದಿ ಬರಲು ಒಂದೇ ನಲ್ಲಿ. ಪತ್ರಿಕೆಗಳ ಕುರಿತ ದೂರು ಕೇಳುವ ಆಗಿನ ಪ್ರೆಸ್ ಕೌನ್ಸಿಲ್ ಅನ್ನೂ 1976ರ ಜನವರಿಗೆ ಮುಚ್ಚಿದರು. ಸಂಸತ್ತಿನ ಕಲಾಪ ವರದಿ ಮಾಡುವವರಿಗೆ ರಕ್ಷಣೆ ಕೊಡುತ್ತಿದ್ದ 1956ರ ಕಾಯ್ದೆಯನ್ನು ರದ್ದು ಮಾಡಿದರು. ಅದು 1977ರಲ್ಲಿ ಹಿಂತಿರುಗಿತು, 44ನೇ ತಿದ್ದುಪಡಿಯ ಮೂಲಕ 361ಎ ವಿಧಿಯಾಗಿ ಸಂವಿಧಾನಕ್ಕೂ ಸೇರಿತು.

ಆ ಕತ್ತಲಲ್ಲೂ ಕೆಲವು ಹೈಕೋರ್ಟ್‌ಗಳು ಎದ್ದು ನಿಂತಿದ್ದವು. ಮಿನೂ ಮಸಾನಿಯವರ ಪತ್ರಿಕೆಯ ಬರಹಗಳಿಗೆ ಸೆನ್ಸಾರ್ ತಡೆ ಹಾಕಿದಾಗ ಬಾಂಬೆ ಹೈಕೋರ್ಟ್ 1976ರಲ್ಲೇ ಅದನ್ನು ರದ್ದು ಮಾಡಿತು. ಜನರನ್ನು ಒಂದೇ ಅಚ್ಚಿಗೆ ಎರಕ ಹೊಯ್ಯುವುದು ಸೆನ್ಸಾರ್‌ನ ಕೆಲಸವಲ್ಲ ಎಂಬ ಧಾಟಿಯಲ್ಲಿತ್ತು ಆ ತೀರ್ಪು.

ಪತ್ರಿಕೆ ಶುರು ಮಾಡಲು ಸರಕಾರದ ಅನುಮತಿ ಬೇಕೇ?

ನೋಂದಣಿ ಬೇಕು. ಕಾನೂನಿನ ಪ್ರಕಾರ ಅದು ಲೈಸೆನ್ಸ್ ಅಲ್ಲ. 1867ರ ಕಾಯ್ದೆಯ ಜಾಗಕ್ಕೆ ಬಂದ ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ, 2023 ಎಂಬುದು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮೊದಲಿನಂತೆ ಜಿಲ್ಲಾಧಿಕಾರಿ ಎದುರು ಘೋಷಣೆ ಕೊಡಬೇಕಿಲ್ಲ. 'ಪ್ರೆಸ್ ಸೇವಾ' ಪೋರ್ಟಲ್‌ನಲ್ಲಿ ಶೀರ್ಷಿಕೆ ಮತ್ತು ನೋಂದಣಿಗೆ ಒಟ್ಟಿಗೇ ಅರ್ಜಿ ಹಾಕಬೇಕು. ಅರ್ಜಿಯ ಪ್ರತಿ ಜಿಲ್ಲಾಡಳಿತಕ್ಕೂ ಹೋಗುತ್ತದೆ. ಅಲ್ಲಿಂದ 60 ದಿನದಲ್ಲಿ ಅಭಿಪ್ರಾಯ ಬರದಿದ್ದರೆ ರಿಜಿಸ್ಟ್ರಾರ್ ಜನರಲ್ ತಾವೇ ಮುಂದುವರಿಯಬಹುದು. ನಿರಾಕರಣೆ, ಅಮಾನತು, ದಂಡಗಳ ವಿರುದ್ಧ ಮೇಲ್ಮನವಿ ಮಂಡಳಿ ಇದೆ. ಅದರಲ್ಲಿರುವವರು ಪ್ರೆಸ್ ಕೌನ್ಸಿಲ್ ಅಧ್ಯಕ್ಷರು ಮತ್ತು ಕೌನ್ಸಿಲ್‌ನ ಇಬ್ಬರು ಸದಸ್ಯರು.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಇನ್ನೊಂದು ಪತ್ರಿಕೆಯ ಹೆಸರನ್ನು ಹೋಲುವ ಶೀರ್ಷಿಕೆ ಕೇಳಿ ಅರ್ಜಿ ತಿರಸ್ಕಾರವಾಗುವುದು ಒಂದು. ಇನ್ನೊಂದು ವಾರ್ಷಿಕ ವಿವರಣೆ: ಅದನ್ನು ಸಲ್ಲಿಸದಿರುವುದು, ಅಥವಾ ಜಾಹೀರಾತಿನ ಆಸೆಗೆ ಪ್ರಸಾರ ಸಂಖ್ಯೆಯನ್ನು ಉಬ್ಬಿಸಿ ಬರೆಯುವುದು. ಸುಳ್ಳು ವಿವರ ಕೊಟ್ಟದ್ದು ನೋಂದಣಿ ಅಮಾನತಿಗೆ ನೇರ ಕಾರಣವಾಗುತ್ತದೆ. ನಿಮ್ಮ ಬರಹ ಹಿಡಿಸದವರು ಮೊದಲು ಹುಡುಕುವುದೂ ಇದನ್ನೇ. ಮುದ್ರಣಾಲಯದ ಬಿಲ್, ಕಾಗದ ಖರೀದಿ ರಸೀದಿ, ಏಜೆಂಟರ ಲೆಕ್ಕ ಮೂರೂ ಒಂದಕ್ಕೊಂದು ತಾಳೆಯಾಗುವಂತೆ ಇಟ್ಟುಕೊಳ್ಳಿ.

ನಮ್ಮ ನೆಲಕ್ಕೆ ನಿಜವಾದ ಲೈಸೆನ್ಸ್ ಪದ್ಧತಿಯ ರುಚಿ ಗೊತ್ತಿದೆ. 1908ರಲ್ಲಿ, ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ, ಪತ್ರಿಕೆ ನಡೆಸಲು ಸರಕಾರದ ಅನುಮತಿ ಬೇಕೆಂಬ ಕಾನೂನನ್ನು ಮೈಸೂರು ಸಂಸ್ಥಾನ ತಂದಿತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಬಹಿರಂಗವಾಗಿ ವಿರೋಧಿಸಿದರು.

ಟಿವಿ ವಾಹಿನಿಗಳು ಪತ್ರಿಕೆಗಿಂತ ಬೇಗ ಮಣಿಯುವುದು ಏಕೆ?

ಅವಕ್ಕೆ ಲೈಸೆನ್ಸ್ ಇರುವುದರಿಂದ. ಉಪಗ್ರಹಕ್ಕೆ ಸಂಕೇತ ಕಳಿಸಲು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಬೇಕು. ಅವಧಿ ಮುಗಿದಾಗ ನವೀಕರಣ, ಅದಕ್ಕೆ ಗೃಹ ಸಚಿವಾಲಯದ ಭದ್ರತಾ ಒಪ್ಪಿಗೆ. ಮಲಯಾಳಂನ 'ಮೀಡಿಯಾ ಒನ್' ವಾಹಿನಿಗೆ ಈ ಒಪ್ಪಿಗೆ ನಿರಾಕರಿಸಿದ್ದರಿಂದ 2022ರ ಜನವರಿ 31ರಂದು ಪ್ರಸಾರ ನಿಂತಿತು. ಕಾರಣ ಏನೆಂದು ವಾಹಿನಿಗೆ ಹೇಳಲೇ ಇಲ್ಲ. ಅದು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರ ಕೈಗೆ ಮಾತ್ರ ಹೋಯಿತು. ಕೇರಳ ಹೈಕೋರ್ಟ್ ಎರಡು ಹಂತದಲ್ಲೂ ಸರಕಾರದ ಪರ ನಿಂತಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ನಿರಾಕರಣೆಯನ್ನು ರದ್ದು ಮಾಡಿ, ಸರಕಾರದ ನೀತಿಯನ್ನು ಟೀಕಿಸುವುದು ವ್ಯವಸ್ಥೆ ವಿರೋಧವಲ್ಲ, ರಾಷ್ಟ್ರೀಯ ಭದ್ರತೆ ಎಂದು ಹೇಳಿದ ಮಾತ್ರಕ್ಕೆ ಸಹಜ ನ್ಯಾಯ ಕೈಬಿಡಲಾಗದು ಎಂದಿತು.

ವಾಹಿನಿ ಗೆದ್ದಿತು, ಸರಿ. ಆದರೆ ಗೆಲ್ಲಲು ಹದಿನಾಲ್ಕು ತಿಂಗಳು ಬೇಕಾಯಿತು. ಮಧ್ಯಂತರ ಆದೇಶ ಸಿಗುವ ತನಕ ಆರು ವಾರ ಪರದೆ ಖಾಲಿ. ಅಷ್ಟು ದಿನ ಸಂಬಳ ಕೊಟ್ಟು ವಕೀಲರನ್ನೂ ಇಟ್ಟುಕೊಳ್ಳಬಲ್ಲ ವಾಹಿನಿಗಳು ಎಷ್ಟಿವೆ ಎಂದು ಉಳಿದವರು ಲೆಕ್ಕ ಹಾಕಿಕೊಳ್ಳುತ್ತಾರೆ.

ಯೂಟ್ಯೂಬ್ ವಿಡಿಯೊ ಅಥವಾ ಜಾಲತಾಣವನ್ನು ಸರಕಾರ ತಡೆಹಿಡಿದರೆ ಏನು ಮಾಡಬೇಕು?

ಮೊದಲು ಯಾವ ಕಲಂ ಅಡಿ ತಡೆದಿದ್ದಾರೆ ಎಂದು ಪತ್ತೆ ಮಾಡಿ. ದಾರಿಗಳು ಎರಡು.

ಮೊದಲನೆಯದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ. ಇದರ 2009ರ ನಿಯಮಗಳಂತೆ ಕೋರಿಕೆ ನಿಯೋಜಿತ ಅಧಿಕಾರಿಗೆ ಹೋಗಿ, ಸಮಿತಿ ಸೇರಿ, ಉತ್ತರ ಕೊಡಲು ಕನಿಷ್ಠ 48 ಗಂಟೆಯ ನೋಟಿಸ್ ಕೊಟ್ಟು, ಬಳಿಕ ಕಾರ್ಯದರ್ಶಿಯ ಒಪ್ಪಿಗೆ ಪಡೆಯಬೇಕು. ತುರ್ತು ಎಂದರೆ ಮೊದಲು ತಡೆದು, 48 ಗಂಟೆಯೊಳಗೆ ಸಮಿತಿ ಮುಂದಿಡಬಹುದು. ತುರ್ತು ದಾರಿಯೇ ಸಲೀಸು ಎಂಬುದು ಅಧಿಕಾರಿಗಳಿಗೂ ಗೊತ್ತು. 2015ರ ಶ್ರೇಯಾ ಸಿಂಘಾಲ್ ತೀರ್ಪು ಆನ್‌ಲೈನ್ ಬರಹಕ್ಕೆ ಜೈಲು ವಿಧಿಸುತ್ತಿದ್ದ 66ಎ ಕಲಂ ಹೊಡೆದುಹಾಕಿ 69ಎ ಉಳಿಸಿದ್ದು ಈ ಮುನ್ನೆಚ್ಚರಿಕೆಗಳು ಇವೆ ಎಂಬ ಕಾರಣಕ್ಕೇ.

ಎರಡನೆಯದು 79(3)(ಬಿ). ಇದರಲ್ಲಿ ಸಮಿತಿ ಇಲ್ಲ, 48 ಗಂಟೆ ಇಲ್ಲ. ಅಧಿಕಾರಿಯ ಸೂಚನೆ ಕೇಂದ್ರದ 'ಸಹಯೋಗ್' ಪೋರ್ಟಲ್ ಮೂಲಕ ಯೂಟ್ಯೂಬ್, ಎಕ್ಸ್‌ನಂಥ ಕಂಪನಿಗೆ ನೇರ ಹೋಗುತ್ತದೆ. ಪಾಲಿಸದಿದ್ದರೆ, ಬಳಕೆದಾರರು ಹಾಕಿದ್ದಕ್ಕೆ ತಾನು ಹೊಣೆಯಲ್ಲ ಎಂಬ ಕಾನೂನು ರಕ್ಷಣೆ ಕಂಪನಿಗೆ ತಪ್ಪುತ್ತದೆ. ನಿಮ್ಮ ವಿಡಿಯೊಕ್ಕಾಗಿ ಕಂಪನಿ ಅಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳುವುದು ಅಪರೂಪ. ಎಕ್ಸ್ ಕಂಪನಿ ಇದನ್ನು ಪ್ರಶ್ನಿಸಿದಾಗ ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ಅರ್ಜಿ ವಜಾ ಮಾಡಿತು. ಬಳಿಕ ಕೇಂದ್ರ ನಿಯಮ ತಿದ್ದಿ, ಜಂಟಿ ಕಾರ್ಯದರ್ಶಿ ದರ್ಜೆಗಿಂತ ಕೆಳಗಿನವರು, ಪೊಲೀಸರಾದರೆ ಡಿಐಜಿಗಿಂತ ಕೆಳಗಿನವರು ಇಂಥ ಸೂಚನೆ ಕೊಡುವಂತಿಲ್ಲ ಎಂದಿತು.

ಕೈಗೊಳ್ಳಬೇಕಾದ ಕೆಲಸ:

- ಮೂಲ ಕಡತ, ವಿಳಾಸ, ಹಾಕಿದ ದಿನ ಮತ್ತು ಸಮಯ, ತಡೆ ಕಂಡ ಪರದೆಯ ಚಿತ್ರ, ಕಂಪನಿಯಿಂದ ಬಂದ ಇಮೇಲ್ ಇಷ್ಟನ್ನೂ ಅವತ್ತೇ ಬೇರೆ ಡ್ರೈವ್‌ಗೆ ಹಾಕಿ. ಖಾತೆಯೇ ಹೋದರೆ ಒಳಗಿರುವ ಯಾವುದೂ ಸಿಗದು.
- ಆದೇಶದ ಪ್ರತಿ ಮತ್ತು ವಿಚಾರಣೆಯ ಅವಕಾಶ ಕೇಳಿ ಕಂಪನಿಗೂ ಸಚಿವಾಲಯಕ್ಕೂ ಲಿಖಿತವಾಗಿ ಬರೆಯಿರಿ. 'ಗೌಪ್ಯ' ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಆದರೂ ಕೇಳಿದ ದಾಖಲೆ ಹೈಕೋರ್ಟಿನಲ್ಲಿ ಬೇಕಾಗುತ್ತದೆ. ವರದಕ್ಷಿಣೆಯನ್ನು ಲೇವಡಿ ಮಾಡುವ ಜಾಲತಾಣವೊಂದರ ವಿಚಾರದಲ್ಲಿ ದೆಹಲಿ ಹೈಕೋರ್ಟ್ 2022ರಲ್ಲಿ ಪ್ರತಿಯನ್ನೂ ವಿಚಾರಣೆಯನ್ನೂ ಕೊಡಿಸಿದೆ.
- ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕುವಾಗ ತಡೆಯ ವ್ಯಾಪ್ತಿಯನ್ನು ಪ್ರಶ್ನಿಸಿ. 2025ರ ಫೆಬ್ರುವರಿಯಲ್ಲಿ ಒಂದೇ ಒಂದು ವ್ಯಂಗ್ಯಚಿತ್ರಕ್ಕಾಗಿ ತಮಿಳಿನ 'ವಿಕಟನ್' ಜಾಲತಾಣವನ್ನು ಇಡಿಯಾಗಿ ಮುಚ್ಚಲಾಗಿತ್ತು. ಆ ಪುಟವನ್ನು ತಾತ್ಕಾಲಿಕವಾಗಿ ತೆಗೆದರೆ ತಾಣ ತೆರೆಯಬೇಕು ಎಂದು ಮದ್ರಾಸ್ ಹೈಕೋರ್ಟ್ ಮಾರ್ಚ್‌ನಲ್ಲಿ ಹೇಳಿತು.

ಸುಳ್ಳು ಸುದ್ದಿ ಹಾವಳಿ ಇಷ್ಟಿರುವಾಗ ಸರಕಾರವೇ ತಡೆದರೆ ತಪ್ಪೇನು?

ಸುಳ್ಳು ಸುದ್ದಿಯಿಂದ ಜನ ಸತ್ತಿದ್ದಾರೆ, ಇದನ್ನು ತಳ್ಳಿಹಾಕುವಂತಿಲ್ಲ. ಪ್ರಶ್ನೆ ಇರುವುದು ಸುಳ್ಳು ಯಾವುದು ಎಂದು ಯಾರು ತೀರ್ಮಾನಿಸಬೇಕು ಎಂಬುದರಲ್ಲಿ. ಮಾಹಿತಿ ತಂತ್ರಜ್ಞಾನ ನಿಯಮಗಳ 2023ರ ಏಪ್ರಿಲ್ ತಿದ್ದುಪಡಿಯಂತೆ, ಕೇಂದ್ರ ಸರಕಾರದ ವ್ಯವಹಾರ ಕುರಿತ ಯಾವ ಸುದ್ದಿ ನಕಲಿ, ಸುಳ್ಳು ಅಥವಾ ದಾರಿತಪ್ಪಿಸುವಂಥದ್ದು ಎಂದು ಕೇಂದ್ರದ್ದೇ ಫ್ಯಾಕ್ಟ್‌ಚೆಕ್ ಘಟಕ ಗುರುತಿಸಬಹುದಿತ್ತು. ಗುರುತಿಸಿದ್ದನ್ನು ಉಳಿಸಿಕೊಂಡ ಕಂಪನಿಗೆ ರಕ್ಷಣೆ ಇಲ್ಲ. ರಸ್ತೆ ಕಾಮಗಾರಿಯಲ್ಲಿ ಅವ್ಯವಹಾರ ಎಂದು ವರದಿ ಬಂದರೆ, ವರದಿ ಸುಳ್ಳೋ ನಿಜವೋ ಎಂದು ಹೇಳುವ ಅಧಿಕಾರ ಕಾಮಗಾರಿ ಮಾಡಿಸಿದವರಿಗೇ! ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರ ಜನವರಿಯಲ್ಲಿ ಭಿನ್ನ ತೀರ್ಪು ಕೊಟ್ಟರು. ಮೂರನೆಯವರು 2024ರ ಸೆಪ್ಟೆಂಬರ್ 20ರಂದು ಅಸಾಂವಿಧಾನಿಕ ಎಂದ ಮೇಲೆ ನಿಯಮ ಬಿತ್ತು.

ಪಕ್ಷ ಯಾವುದಾದರೂ ಈ ಚಪಲ ಒಂದೇ. ಬಿಹಾರದಲ್ಲಿ 1982ರ ಪ್ರೆಸ್ ಮಸೂದೆ, ಕೇಂದ್ರದಲ್ಲಿ 1988ರ ಮಾನನಷ್ಟ ಮಸೂದೆ, ಕೇರಳದಲ್ಲಿ 2020ರ ನವೆಂಬರ್‌ನ ಪೊಲೀಸ್ ಕಾಯ್ದೆ ಸುಗ್ರೀವಾಜ್ಞೆ ಮೂರೂ ಪ್ರತಿಭಟನೆಯ ಕಾವಿಗೆ ವಾಪಸಾದವು. ಕೇರಳದ್ದು ದಿನಗಳಲ್ಲೇ. ನಮ್ಮ ಕರ್ನಾಟಕದಲ್ಲಿ 2025ರ ಜೂನ್‌ನಲ್ಲಿ ಚರ್ಚೆಗೆ ಬಂದ ಸುಳ್ಳು ಸುದ್ದಿ ಮಸೂದೆಯ ಕರಡಿನಲ್ಲಿ 7 ವರ್ಷದವರೆಗೆ ಜೈಲು, ಮಂತ್ರಿಯೇ ಅಧ್ಯಕ್ಷರಾಗಿರುವ ಪ್ರಾಧಿಕಾರ ಎರಡೂ ಇದ್ದವು.

ಜಾಹೀರಾತು ನಿಲ್ಲಿಸಿದರೆ ಅದೂ ಸೆನ್ಸಾರ್ ಆಗುತ್ತದೆಯೇ?

ಆಗುತ್ತದೆ, ಆದರೆ ಸಾಬೀತು ಮಾಡುವುದು ಕಷ್ಟ. ಆದೇಶವೇ ಇರುವುದಿಲ್ಲ. ವಾರ್ತಾ ಇಲಾಖೆಯಿಂದ ಬರುತ್ತಿದ್ದ ಟೆಂಡರ್ ಜಾಹೀರಾತು ಮುಂದಿನ ವಾರ ಬರುವುದಿಲ್ಲ, ಅಷ್ಟೇ. ಹಳೆಯ ಬಿಲ್‌ಗಳು ಮೇಜಿನಿಂದ ಮೇಜಿಗೆ ಅಲೆಯುತ್ತವೆ. ಓದುಗರಿಂದ ಬರುವ ಆದಾಯ ಕಡಿಮೆ ಇರುವ ಪತ್ರಿಕೆಗೆ ಇದು ಎಫ್‌ಐಆರ್‌ಗಿಂತ ಭಾರಿ ಏಟು. ಹಾಗಾಗಿ ಜಾಹೀರಾತಿನ ಮಟ್ಟಿಗೆ ಸಂಪಾದಕ ತನಗೆ ತಾನೇ ಸೆನ್ಸಾರ್ ಅಧಿಕಾರಿಯಾಗುತ್ತಾನೆ. ಸರಕಾರಿ ಜಾಹೀರಾತನ್ನು ಪತ್ರಿಕೆಗಳ ನಿಲುವಿಗೆ ಬಹುಮಾನವಾಗಿಯೋ ಶಿಕ್ಷೆಯಾಗಿಯೋ ಬಳಸುವಂತಿಲ್ಲ ಎಂದು ಆಂಧ್ರ ಹೈಕೋರ್ಟ್ ಉಷೋದಯ ಪಬ್ಲಿಕೇಷನ್ಸ್ ಪ್ರಕರಣದಲ್ಲಿ ಹಿಂದೆಯೇ ಹೇಳಿದೆ.

ಪುರಾವೆ ಕಟ್ಟಲು ಆರ್‌ಟಿಐ ಬಳಸಿ. ಶುಲ್ಕ 10 ರೂ., ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ನಮಗೆ ಏಕೆ ಕೊಟ್ಟಿಲ್ಲ" ಎಂದು ಕೇಳಬೇಡಿ, 'ಏಕೆ' ಎಂಬುದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಇಂತಿಂಥ ಹಣಕಾಸು ವರ್ಷದಲ್ಲಿ ಈ ಜಿಲ್ಲೆಯ ಪತ್ರಿಕೆಗಳಿಗೆ ಕೊಟ್ಟ ಜಾಹೀರಾತಿನ ಪತ್ರಿಕೆವಾರು, ತಿಂಗಳುವಾರು ಮೊತ್ತದ ಪಟ್ಟಿ ಕೇಳಿ. ನಿಮ್ಮ ವರದಿ ಬಂದ ತಿಂಗಳ ಪಕ್ಕದಲ್ಲಿ ಆ ಪಟ್ಟಿ ಇಟ್ಟರೆ ಉಳಿದದ್ದನ್ನು ಅದೇ ಹೇಳುತ್ತದೆ.

ವಿಧಾನಸಭೆ ಪತ್ರಕರ್ತರನ್ನು ಜೈಲಿಗೆ ಕಳಿಸಬಹುದೇ?

194(3)ನೇ ವಿಧಿಯ ಹಕ್ಕುಬಾಧ್ಯತೆಯ (ಸದನಕ್ಕೂ ಸದಸ್ಯರಿಗೂ ಇರುವ ವಿಶೇಷ ಹಕ್ಕು) ಹೆಸರಿನಲ್ಲಿ ಕಳಿಸಲು ಹೊರಟ ಉದಾಹರಣೆ ನಮ್ಮ ರಾಜ್ಯದ್ದೇ. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಶಾಸಕರ ಕುರಿತ ಬರಹಗಳಿಗಾಗಿ ಇಬ್ಬರು ಸಂಪಾದಕರಿಗೆ ತಲಾ ಒಂದು ವರ್ಷ ಜೈಲು, 10,000 ರೂ. ದಂಡ ವಿಧಿಸಿ ನಿರ್ಣಯ ಮಾಡಿತು. ದೂರುದಾರರೂ ತೀರ್ಪುಗಾರರೂ ಸದನದವರೇ. ಈ ಹಕ್ಕುಗಳನ್ನು ಕ್ರೋಡೀಕರಿಸಿದ ಕಾನೂನು ಇಲ್ಲದ್ದರಿಂದ ಗೆರೆ ಎಲ್ಲಿದೆ ಎಂದು ಮೊದಲೇ ತಿಳಿಯುವಂತಿಲ್ಲ. ಕಲಾಪದ ಯಥಾವತ್ತಾದ, ದುರುದ್ದೇಶವಿಲ್ಲದ ವರದಿಗೆ ರಕ್ಷಣೆ ಇದೆ. ಕಡತದಿಂದ ತೆಗೆದ ಮಾತನ್ನು ವರದಿ ಮಾಡಿದರೆ ಆ ರಕ್ಷಣೆ ಅಲುಗಾಡುತ್ತದೆ.

ಕೋರ್ಟಿನಿಂದ ತಡೆಯಾಜ್ಞೆ ಬಂದರೆ?

ಇದು ಸರಕಾರದ ನೇರ ನಿಯಂತ್ರಣವಲ್ಲ, ಆದರೆ ಮಂತ್ರಿಗಳೂ ಬಲಾಢ್ಯರೂ ಹೆಚ್ಚಾಗಿ ಹಿಡಿಯುವ ದಾರಿ. ಹತ್ತಾರು ಮಾಧ್ಯಮ ಸಂಸ್ಥೆಗಳನ್ನು ಪ್ರತಿವಾದಿಗಳೆಂದು ಸೇರಿಸಿ, ಎದುರು ಪಕ್ಷವನ್ನು ಕೇಳದೆಯೇ ಆದೇಶ ಪಡೆಯುತ್ತಾರೆ. 2025ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟಿನ ಒಂದೇ ಆದೇಶ ಎಂಟು ಸಾವಿರಕ್ಕೂ ಹೆಚ್ಚು ಲಿಂಕ್‌ಗಳಿಗೆ ಅನ್ವಯವಾಗಿತ್ತು.

ಕೇಸು ಬರುವ ವಾಸನೆ ಬಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ ಕೇವಿಯೆಟ್ ಹಾಕಿ. 90 ದಿನ ನಡೆಯುತ್ತದೆ. ನಿಮ್ಮನ್ನು ಕೇಳದೆ ಆದೇಶ ಮಾಡಲಾಗದು. ಆದೇಶ ಆಗಿಯೇ ಹೋಗಿದ್ದರೆ ಅದೇ ಸಂಹಿತೆಯ 39ನೇ ಆದೇಶದ 3ನೇ ನಿಯಮ ಪಾಲನೆಯಾಗಿದೆಯೇ ನೋಡಿ. ನೋಟಿಸ್ ಏಕೆ ಬೇಡ ಎಂಬ ಕಾರಣವನ್ನು ಕೋರ್ಟ್ ಬರೆದಿರಬೇಕು. ವಾದಿ ಅರ್ಜಿ, ಪ್ರಮಾಣಪತ್ರ, ದಾಖಲೆಗಳನ್ನು ಕೂಡಲೇ ನಿಮಗೆ ಕಳಿಸಿ, ಕಳಿಸಿದ್ದಕ್ಕೆ ಆ ದಿನ ಅಥವಾ ಮರುದಿನ ಪ್ರಮಾಣಪತ್ರ ಸಲ್ಲಿಸಿರಬೇಕು. ಇಲ್ಲಿ ಲೋಪವಿದ್ದರೆ 4ನೇ ನಿಯಮದಡಿ ತೆರವಿಗೆ ಅರ್ಜಿ ಹಾಕಿ. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರಹ ದುರುದ್ದೇಶದ್ದು ಅಥವಾ ಮೇಲ್ನೋಟಕ್ಕೇ ಸುಳ್ಳು ಎಂದು ಕಾಣದ ಹೊರತು ವಿಚಾರಣೆಗೆ ಮೊದಲೇ ತಡೆ ಕೊಡಬಾರದು ಎಂದಿದೆ. ಮಂತ್ರಿ, ಅಧಿಕಾರಿಗಳ ವಿಚಾರವಾದರೆ 1994ರ ಆರ್. ರಾಜಗೋಪಾಲ್ ತೀರ್ಪೂ ಇರಲಿ: ಮಾನನಷ್ಟ ಆದೀತು ಎಂಬ ಅಂಜಿಕೆಯಿಂದ ಸರಕಾರ ಪ್ರಕಟಣೆಯನ್ನೇ ತಡೆಯಲಾಗದು.

ತೆರವಾಗುವ ತನಕ ಆದೇಶ ಪಾಲಿಸಿ. ತಪ್ಪು ಆದೇಶವಾದರೂ ಮೀರಿದರೆ ನ್ಯಾಯಾಂಗ ನಿಂದನೆಯೇ.

ಪೊಲೀಸರು ಫೋನ್, ಲ್ಯಾಪ್‌ಟಾಪ್ ಕೇಳಿದರೆ ಕೊಡಲೇಬೇಕೇ?

ಮಾಹಿತಿ ಮೂಲವನ್ನು ಕಾಪಾಡುವ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಪ್ರೆಸ್ ಕೌನ್ಸಿಲ್ ಮುಂದೆ ಮೂಲ ಹೇಳಬೇಕಿಲ್ಲ ಎಂದು 1978ರ ಕಾಯ್ದೆಯ 15ನೇ ಕಲಂ ಹೇಳುತ್ತದೆ, ಕ್ರಿಮಿನಲ್ ಕೋರ್ಟಿಗೆ ಅದು ಅನ್ವಯಿಸದು. ಕಾನೂನು ಆಯೋಗ 1983ರಲ್ಲೇ ರಕ್ಷಣೆ ಕೊಡಿ ಎಂದು ಶಿಫಾರಸು ಮಾಡಿತ್ತು.

ಲಿಖಿತ ನೋಟಿಸ್ ಕೇಳಿ. ದಾಖಲೆ ಹಾಜರುಪಡಿಸಲು ಹೇಳುವುದು ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ. ವಶಪಡಿಸಿಕೊಳ್ಳುವುದಾದರೆ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯ ವಿಡಿಯೊ ಆಗಬೇಕು. ಜಪ್ತಿ ಪಟ್ಟಿಯಲ್ಲಿ ಐಎಂಇಐ ಅಥವಾ ಸೀರಿಯಲ್ ಸಂಖ್ಯೆ, ಮುದ್ರೆ ಹಾಕಿದ ವಿವರ, ಹ್ಯಾಶ್ ವ್ಯಾಲ್ಯೂ (ಒಳಗಿನ ದತ್ತಾಂಶ ಬದಲಾದರೆ ಪತ್ತೆಯಾಗುವಂತೆ ಮಾಡುವ ಸಂಕೇತ) ಬರೆಯಲು ಒತ್ತಾಯಿಸಿ. ಹ್ಯಾಶ್ ಇಲ್ಲದೆ ಹೋದ ಸಾಧನಕ್ಕೆ ಆಮೇಲೆ ಏನು ಸೇರಿತು ಎಂದು ಪ್ರಶ್ನಿಸುವುದು ಬಲು ಕಷ್ಟ. ಬಂಧಿಸಿದರೆ ಕಾರಣ ಬರಹದಲ್ಲಿ ಕೊಡಬೇಕು. ನ್ಯೂಸ್‌ಕ್ಲಿಕ್ ಸುದ್ದಿ ಜಾಲತಾಣದ ಸಂಪಾದಕರ ಬಂಧನವನ್ನು ಸುಪ್ರೀಂ ಕೋರ್ಟ್ 2024ರ ಮೇನಲ್ಲಿ ಅಕ್ರಮ ಎಂದದ್ದು ಈ ಲೋಪಕ್ಕೇ. ಮೂಲದ ಹೆಸರು ಫೋನಿನಲ್ಲೇ ಇರಬಾರದು ಎಂಬುದು ಇದೆಲ್ಲಕ್ಕಿಂತ ಮೊದಲಿನ ಮಾತು.

ಮಾನನಷ್ಟ ಇನ್ನೂ ಕ್ರಿಮಿನಲ್ ಅಪರಾಧವೇ?

ಹೌದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದವರೆಗೆ ಸಾದಾ ಜೈಲು, ದಂಡ ಅಥವಾ ಸಮುದಾಯ ಸೇವೆ. ಖಾಸಗಿ ದೂರಾದರೆ ಕೋರ್ಟ್ ಸಂಜ್ಞಾನ ತೆಗೆದುಕೊಳ್ಳುವ, ಅಂದರೆ ದೂರನ್ನು ಕೈಗೆತ್ತಿಕೊಳ್ಳುವ, ಮೊದಲು ಆರೋಪಿಯ ಮಾತು ಕೇಳಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ ಈಗ ಹೇಳುತ್ತದೆ. ಆ ಅವಕಾಶ ಬಿಟ್ಟುಕೊಡಬೇಡಿ.

ಪ್ರೆಸ್ ಕೌನ್ಸಿಲ್‌ಗೆ ಹಲ್ಲಿಲ್ಲ ಎನ್ನುತ್ತಾರೆ. ಹಲ್ಲು ಕೊಟ್ಟರೆ ಆಯಿತಲ್ಲ?

ಅಧ್ಯಕ್ಷರು ಮತ್ತು 28 ಸದಸ್ಯರ ಕೌನ್ಸಿಲ್ 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 14ನೇ ಕಲಂ ಅಡಿ ಎಚ್ಚರಿಕೆ, ಛೀಮಾರಿ, ಖಂಡನೆ ಮಾಡಬಹುದು. ದಂಡ ಹಾಕಲಾಗದು. ಟಿವಿ, ಜಾಲತಾಣ ಅದರ ವ್ಯಾಪ್ತಿಯಲ್ಲಿಲ್ಲ. ದೂರು ಕೊಡುವ ಓದುಗರು ಮೊದಲು ಸಂಪಾದಕರಿಗೆ ಬರೆಯಬೇಕು. ತೃಪ್ತಿಯಾಗದಿದ್ದರೆ ದೈನಿಕ, ವಾರಪತ್ರಿಕೆಯಾದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳೊಳಗೆ ದೂರು. ತುಣುಕಿನ ಪ್ರತಿ, ಕನ್ನಡದ್ದಾದರೆ ಇಂಗ್ಲಿಷ್ ಅನುವಾದ, ಸಂಪಾದಕರೊಂದಿಗಿನ ಪತ್ರವ್ಯವಹಾರ, ಈ ವಿಷಯ ಕೋರ್ಟಿನಲ್ಲಿಲ್ಲ ಎಂಬ ಘೋಷಣೆ ಜೊತೆಗಿರಲಿ. ಅನುವಾದ ಇಲ್ಲದೆಯೇ ಎಷ್ಟೋ ದೂರು ವಾಪಸು ಬರುತ್ತವೆ. ಅಧಿಕಾರಿಯ ಕಿರುಕುಳದ ವಿರುದ್ಧ ಪತ್ರಿಕೆಯವರೂ ಇಲ್ಲಿಗೇ ಹೋಗಬಹುದು, ಇದು ಹೆಚ್ಚಿನವರಿಗೆ ಗೊತ್ತಿಲ್ಲ.

ಹಲ್ಲು ಕೊಡುವ ಮಾತು ಬಂದಾಗ ಬ್ರಿಟನ್ನಿನ ಅನುಭವ ನೋಡಬೇಕು. ಫೋನ್ ಕದ್ದಾಲಿಕೆ ಹಗರಣದ ಬಳಿಕ ಲೆವಿಸನ್ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಪತ್ರಿಕೆಗಳ ತಪ್ಪು ಅಲ್ಲಿ ನಿಜಕ್ಕೂ ಘೋರವಾಗಿತ್ತು. ಆದರೆ 2013ರ ಕಾಯ್ದೆಯ 40ನೇ ಕಲಂ, ಮಾನ್ಯತೆ ಪಡೆದ ನಿಯಂತ್ರಕ ಸಂಸ್ಥೆಗೆ ಸೇರದ ಪತ್ರಿಕೆ ಕೇಸು ಗೆದ್ದರೂ ಎದುರಾಳಿಯ ಖರ್ಚನ್ನು ತಾನೇ ಭರಿಸಬೇಕಾದೀತು ಎಂದಿತು. ಸೇರುವುದು ಐಚ್ಛಿಕ ಎನ್ನುತ್ತಲೇ ಸೇರದವರನ್ನು ದಿವಾಳಿ ಮಾಡುವ ಏರ್ಪಾಡು. ದೊಡ್ಡ ಪತ್ರಿಕೆಗಳು ಒಪ್ಪಲಿಲ್ಲ, ಸರಕಾರಗಳು ಜಾರಿಗೆ ತರಲಿಲ್ಲ. ಕೊನೆಗೆ 2024ರ ಮಾಧ್ಯಮ ಕಾಯ್ದೆಯಲ್ಲಿ ಅದನ್ನು ತೆಗೆದುಹಾಕಿದರು. ನಮ್ಮ ಅಭಿಪ್ರಾಯದಲ್ಲಿ ಕೌನ್ಸಿಲ್‌ಗೆ ದಂಡದ ಅಧಿಕಾರಕ್ಕಿಂತ ಮೊದಲು ಬೇಕಿರುವುದು, ಖಂಡನೆಯನ್ನು ತಪ್ಪು ಮಾಡಿದ ಪುಟದಲ್ಲೇ ಅಷ್ಟೇ ದಪ್ಪಕ್ಷರದಲ್ಲಿ ಹಾಕಿಸುವ ಅಧಿಕಾರ.

ಹೊಸ ಮಸೂದೆಯ ಕರಡು ಬಂದಾಗ ಏನನ್ನು ನೋಡಬೇಕು?

ಉದ್ದೇಶ ಮತ್ತು ಕಾರಣಗಳ ಪುಟ ಬಿಟ್ಟು ವ್ಯಾಖ್ಯಾನದ ಕಲಂಗೆ ಹೋಗಿ. 'ಸುದ್ದಿ', 'ಪ್ರಸಾರಕ', 'ದಾರಿತಪ್ಪಿಸುವ' ಎಂಬುದರೊಳಗೆ ಯಾರ್‍ಯಾರು ಬೀಳುತ್ತಾರೆ? ಬಳಿಕ 'ಸರಕಾರ ಗೊತ್ತುಪಡಿಸಬಹುದಾದಂತೆ' ಎಂಬ ಮಾತು ಎಷ್ಟು ಕಡೆ ಇದೆ ಎಂದು ಎಣಿಸಿ. ಅಷ್ಟೂ ಕಡೆ ಆಮೇಲೆ ಸರಕಾರವೇ ಮಾಡುವ ನಿಯಮಗಳೇ ನಿಜವಾದ ಕಾನೂನಾಗುತ್ತವೆ. ತೀರ್ಮಾನ ಮಾಡುವವರ ನೇಮಕ ಯಾರಿಂದ, ಆದೇಶ ಪ್ರಕಟಣೆಗೆ ಮೊದಲೋ ಆಮೇಲೋ, ಬರಹದಲ್ಲಿ ಕಾರಣ ಕೊಡಬೇಕೇ, ಮೇಲ್ಮನವಿ ಅದೇ ಇಲಾಖೆಗೋ ನ್ಯಾಯಾಲಯಕ್ಕೋ ಎಂಬುದನ್ನು ಗುರುತು ಹಾಕಿಕೊಳ್ಳಿ.

ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು ಎಂದು ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಹೇಳುತ್ತದೆ. ಕಾನೂನಿನ ಬಲವಿಲ್ಲದ್ದರಿಂದ ಅದನ್ನು ಮೀರುವುದೂ ಸುಲಭ. ಪ್ರಸಾರ ಸೇವೆಗಳ ಮಸೂದೆಯ ಮೊದಲ ಕರಡು 2023ರ ನವೆಂಬರ್‌ನಲ್ಲಿ ಬಹಿರಂಗವಾಗಿ ಬಂತು. 2024ರ ಪರಿಷ್ಕೃತ ಕರಡನ್ನು ಆಯ್ದ ಕೆಲವರಿಗೆ ಮಾತ್ರ ಕೊಟ್ಟರು. ಯೂಟ್ಯೂಬರ್‌ಗಳೂ ಅದರೊಳಗೆ ಬರುತ್ತಾರೆ ಎಂದು ಗದ್ದಲವಾದ ಮೇಲೆ ಆಗಸ್ಟ್‌ನಲ್ಲಿ ಹಿಂಪಡೆದರು. ಆಕ್ಷೇಪಣೆ ಬರೆಯುವಾಗ 'ಪತ್ರಿಕಾ ಸ್ವಾತಂತ್ರ್ಯಕ್ಕೆ ಧಕ್ಕೆ' ಎಂಬ ಒಂದೇ ಸಾಲಿನ ಖಂಡನೆ ಕಡತದಲ್ಲಿ ಲೆಕ್ಕಕ್ಕಿಲ್ಲ. ಕಲಂ ಸಂಖ್ಯೆ, ಈಗಿರುವ ಪದಗಳು, ನೀವು ಸೂಚಿಸುವ ಪದಗಳು, ಕಾರಣ ಎಂದು ನಾಲ್ಕು ಅಂಕಣ ಮಾಡಿ, ಇಮೇಲ್ ಜೊತೆಗೆ ನೋಂದಾಯಿತ ಅಂಚೆಯಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಿ.